ಒಪ್ಪಿಸಿದರೋ, ಒತ್ತಾಯಿಸಿದರೋ?

ಗುಜರಾತಿ ಮಿತ್ರರ ಮನೆಗೆ ಊಟಕ್ಕೆ ಹೋದ ನಮ್ಮವರಿಗೆಲ್ಲ ಒಂದು ಅನುಭವ ಆಗಿಯೇ ಇರಬೇಕು. ಸಾಕೆಂದು ಎರಡೂ ಕೈಗಳನ್ನು ಅಡ್ಡ ಹಿಡಿದರೂ ಮತ್ತೊಂದು ರೋಟಲಿ ತಟ್ಟೆಗೆ ಬಂದು ಬೀಳುತ್ತದೆ. ಈ ಉಪಚಾರಕ್ಕೆ ಅವರ ನುಡಿಯಲ್ಲಿ 'ಆಗ್ರಹ'ವೆಂದು ಹೆಸರು. ಆಗ್ರಹ ಮಾಡಿ ಬಡಿಸದಿದ್ದರೆ ಅತಿಥಿಯನ್ನು ಆದರಿಸಿದಂತಾಗಲಿಲ್ಲವೆಂಬುದು ಅವರ ಭಾವನೆ. ನಮ್ಮ ಕನ್ನಡದಲ್ಲಾದರೋ ಅದೇ ಪದವು ಹಿಂದೆ ಕೋಪವನ್ನು ಸೂಚಿಸುತ್ತಿದ್ದು, ಈಗ ಪತ್ರಿಕೆಗಳಲ್ಲಿ ಬಲವಾದ ಬೇಡಿಕೆಯನ್ನು ಸೂಚಿಸುತ್ತದೆ. ಅಲ್ಲಿ ತುಪ್ಪ ಸವರಿದ ರೋಟಲಿ, ಇಲ್ಲಿ ಘೋಷಣೆ ಕೂಗುವ ಮೆರವಣಿಗೆ, ಪದವೊಂದೇ!

ಒಂದೇ ಸಂಸ್ಕೃತ ಮೂಲದ ಪದ ಎರಡು ದೇಶಭಾಷೆಗಳಲ್ಲಿ ಹೀಗೆ ಕವಲೊಡೆದಿರುವಾಗ, ಹೋಟೆಲಿನ ಗಲ್ಲೆಯ ಹಿಂದೆಯೂ ಕಚೇರಿಯ ಮೇಜಿನ ಮುಂದೆಯೂ ಇಂಗ್ಲಿಷನ್ನು ಅರೆಬರೆಯಾಗಿ ಕಲಿತು ಬರೆಯುವ ನಾವು ಎಡವುವುದು ಸೋಜಿಗವಲ್ಲ. ಇನ್ನೊಬ್ಬರಿಂದ ಕೆಲಸ ಮಾಡಿಸುವ, ಇನ್ನೊಬ್ಬರ ಮಾತಿಗೆ ಮಣಿಯುವ ಕ್ರಿಯಾಪದಗಳಲ್ಲಿಯಂತೂ ಎಡವಿದರೆ ಪೆಟ್ಟು ಸಂಬಳಕ್ಕೇ ತಗಲುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ಗುಮಾಸ್ತಗಿರಿಯ ಮೊದಲ ದಿನಗಳಲ್ಲಿ ನಾವು ಒಂದು ಸಂಸ್ಥೆಯ ಉಗ್ರಾಣದ ಲೆಕ್ಕ ಬರೆಯುತ್ತಿದ್ದೆವು. ಒಂದು ಸಂಜೆ ಸರಕು ಬಂದಾಗ, ತೂಕ ನೋಡದೆಯೇ ಚೀಟಿಗೆ ರುಜು ಹಾಕಬೇಕೆಂದು ಮೇಲಿನವರಿಂದ ಅಪ್ಪಣೆಯಾಯಿತು. ಹಾಕಿದೆವು. ಮರುವಾರ ಸರಕು ಕಡಿಮೆ ಬಿತ್ತು. ನಮ್ಮಿಂದ ವಿವರಣೆ ಕೇಳಿದರು. 'ನನ್ನನ್ನು ಒತ್ತಾಯಿಸಿದರು' ಎಂಬುದು ನಮ್ಮ ಮನಸ್ಸಿನಲ್ಲಿದ್ದ ಮಾತು. ಕಾಗದದ ಮೇಲೆ ಬರೆದದ್ದು 'ಐ ವಾಸ್ ಪರ್ಸ್ವೇಡೆಡ್ ಟು ಸೈನ್' ಎಂದು. ಪದ ಘನವಾಗಿ ಕಂಡಿತು. ಓದಿದವರು, 'ಹಾಗಾದರೆ ನೀವೇ ಮನಸಾರೆ ಒಪ್ಪಿ ರುಜು ಹಾಕಿದಿರಿ' ಎಂದರು. ಆ ತಿಂಗಳ ಸಂಬಳದಲ್ಲಿ ದೊಡ್ಡದೊಂದು ಪಾಲು ಕಡಿತವಾಯಿತು. 'ಐ ವಾಸ್ ಮೇಡ್ ಟು ಸೈನ್' ಎಂದು ಬರೆದಿದ್ದರೆ ಸತ್ಯವನ್ನಾದರೂ ಹೇಳಿದಂತಾಗುತ್ತಿತ್ತು.

ಅಂದಿನಿಂದ ಇಂಥ ಪದ ಎದುರಾದಾಗಲೆಲ್ಲ ನಾವು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಕೆಲಸ ನಡೆಯಿತೇ ಇಲ್ಲವೇ ಎಂಬುದು ಮೊದಲನೆಯದು. ನಡೆದಿದ್ದರೆ ಮಾಡಿದವನ ಮನಸ್ಸು ಒಪ್ಪಿತ್ತೇ ಎಂಬುದು ಎರಡನೆಯದು. ಇವಕ್ಕೆ ಉತ್ತರ ಹುಡುಕಲು ನಿಘಂಟಿಗೇ ಹೋಗಬೇಕಾಗಿಲ್ಲ. ನಮಗೆ ಅನ್ನ ಕೊಟ್ಟ ಈ ಮೂರು ಊರುಗಳ ಚರಿತ್ರೆಯೇ ಒಳ್ಳೆಯ ಪಾಠಪುಸ್ತಕ.

ಮೊದಲು ಅಹಮದಾಬಾದನ್ನು ನೋಡೋಣ. 1917ರಲ್ಲಿ ಅಲ್ಲಿ ಪ್ಲೇಗು ಹಬ್ಬಿದಾಗ, ಕೂಲಿಗಾರರು ಊರು ಬಿಟ್ಟು ಓಡದಿರಲೆಂದು ಬಟ್ಟೆಗಿರಣಿಗಳ ಒಡೆಯರು ವಿಶೇಷ ಭತ್ಯೆ ಕೊಟ್ಟರು. ಲಾಭದ ಆಸೆ ತೋರಿಸಿ ಪ್ರೇರೇಪಿಸುವ ಇದು 'ಇಂಡ್ಯೂಸ್'. ಪ್ಲೇಗು ಇಳಿದೊಡನೆ, 1918ರ ಆರಂಭದಲ್ಲಿ, ಭತ್ಯೆ ನಿಂತಿತು. ಯುದ್ಧಕಾಲದ ಬೆಲೆಗಳು ಮಾತ್ರ ಇಳಿಯಲಿಲ್ಲ. ಕೂಲಿಗಾರರು ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು. ಒಡೆಯರು 20 ಎಂದರು. ಗಾಂಧೀಜಿಯವರು ಲೆಕ್ಕ ಹಾಕಿ 35 ನ್ಯಾಯವೆಂದು ಕಂಡು, 50 ಕೇಳಿದವರನ್ನು 35ಕ್ಕೆ ಒಪ್ಪಿಸಿದರು. ಕಾರಣ ಹೇಳಿ ಮನವೊಲಿಸುವುದು 'ಪರ್ಸ್ವೇಡ್'. ಅಲ್ಲಿಂದ ಮುಂದೆ ಸಾಬರಮತಿಯ ದಂಡೆಯಲ್ಲಿ ಜಾಲಿಯ ಮರದಡಿ ದಿನವೂ ಸಭೆ ಸೇರಿಸಿ, ಪ್ರತಿಜ್ಞೆಗೆ ತಪ್ಪಬೇಡಿರೆಂದು ಹುರಿದುಂಬಿಸಿದರು. ಅದು 'ಅರ್ಜ್'. ಒಡೆಯರ ಮುಂದಾಳು ಅಂಬಾಲಾಲ ಸಾರಾಭಾಯಿ. ಕೂಲಿಗಾರರ ಪರವಾಗಿ ನಿಂತವರು ಅವರದೇ ಅಕ್ಕ ಅನಸೂಯಾಬೆನ್.

ದಿನ ಕಳೆದಂತೆ ಹಸಿವು ಕೂಲಿಗಾರರ ಎದೆಗುಂದಿಸಿತು. ಮಾರ್ಚ್ 15ರಂದು ಗಾಂಧೀಜಿಯವರು ಉಪವಾಸ ತೊಟ್ಟರು, 18ರಂದು ರಾಜಿಯಾಯಿತು. ಆ ರಾಜಿಯ ಲೆಕ್ಕ ಸ್ವಾರಸ್ಯವಾಗಿದೆ. ಕೂಲಿಗಾರರ ಮಾತು ಉಳಿಯಲೆಂದು ಮೊದಲ ದಿನ 35, ಒಡೆಯರ ಮಾತು ಉಳಿಯಲೆಂದು ಎರಡನೆಯ ದಿನ 20, ಅನಂತರ ಪಂಚಾಯಿತರ ತೀರ್ಪು ಬರುವವರೆಗೆ ನಡುವಿನ 27½. ಪಂಚರಾದ ಆನಂದಶಂಕರ ಧ್ರುವರು ಕೊನೆಗೆ 35ನ್ನೇ ಕೊಡಿಸಿದರು.

ಇಲ್ಲಿ ಒಡೆಯರು ಒಪ್ಪಿದರೇ, ಮಣಿದರೇ? ಈ ಪ್ರಶ್ನೆಯನ್ನು ಎಲ್ಲರಿಗಿಂತ ಕಟುವಾಗಿ ಕೇಳಿಕೊಂಡವರು ಗಾಂಧೀಜಿಯವರೇ. ಉಪವಾಸ ಕೂಲಿಗಾರರನ್ನು ಅವರ ಪ್ರತಿಜ್ಞೆಯಲ್ಲಿ ನಿಲ್ಲಿಸಲು ತೊಟ್ಟದ್ದಾದರೂ, ತಮ್ಮಲ್ಲಿ ಪ್ರೀತಿಯಿಟ್ಟಿದ್ದ ಒಡೆಯರ ಮೇಲೆ ಅದರ ಭಾರ ಬಿದ್ದಿತೆಂದೂ ಆ ಮಟ್ಟಿಗೆ ಅದು ದೋಷಯುಕ್ತವೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 'ಪರ್ಸ್ವೇಡ್' ಎಲ್ಲಿ ಮುಗಿದು ಬಲವಂತದ 'ಕೋಯರ್ಸ್' ಎಲ್ಲಿ ಮೊದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ನಮಗೆ ತಿಳಿಯದು. ಗೆದ್ದವನೇ ತನ್ನ ಗೆಲವಿನ ಕ್ರಿಯಾಪದವನ್ನು ತಿದ್ದಿ ಬರೆದ ಸಂದರ್ಭವದು.

ಇನ್ನು ವಡೋದರಾ. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು ಮಕ್ಕಳ ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಅಮರೇಲಿಯಲ್ಲಿಯೂ 1906ರಲ್ಲಿ ಸಂಸ್ಥಾನಕ್ಕೆಲ್ಲ ಅನ್ವಯಿಸುವಂತೆಯೂ ಕಡ್ಡಾಯ ಮಾಡಿದರು. ಶಾಲೆಗೆ ಕಳಿಸದ ತಂದೆತಾಯಿಗಳು ದಂಡ ತೆರಬೇಕಾಗಿತ್ತು. ಇದು 'ಕಂಪೆಲ್', 'ಕಂಪಲ್ಸರಿ' ಎಂಬ ನಮ್ಮ ನಿತ್ಯದ ಮಾತು ಇದರ ಕುಲದ್ದೇ. ಕಾನೂನು, ಕರ್ತವ್ಯ, ಮಳೆ, ಹಸಿವು - ಏನು ಬೇಕಾದರೂ ಮನುಷ್ಯನನ್ನು 'ಕಂಪೆಲ್' ಮಾಡಬಹುದು. ಅದರಲ್ಲಿ ಯಾವಾಗಲೂ ಕೇಡಿರುವುದಿಲ್ಲ. 'ಕೋಯರ್ಸ್' ಎಂದೊಡನೆ ಮಾತ್ರ ಬೆದರಿಕೆಯ ಬೆರಳು ಕಾಣುತ್ತದೆ.

ಆ ಬೆರಳನ್ನು ಕಂಡವರು ಸೂರತ್ ಜಿಲ್ಲೆಯ ಬಾರ್ಡೋಲಿಯ ರೈತರು. ಭೂಕಂದಾಯವನ್ನು ನೂರಕ್ಕೆ ಸುಮಾರು 22ರಷ್ಟು ಏರಿಸಿದಾಗ, 1928ರಲ್ಲಿ ಅವರು ವಲ್ಲಭಭಾಯಿ ಪಟೇಲರನ್ನು ಕರೆದರು. ಪಟೇಲರು ಬಂದವರೇ ಅವರನ್ನು ಎತ್ತಿಕಟ್ಟಲಿಲ್ಲ. ಮುಂದೆ ಬರುವ ಕಷ್ಟಗಳನ್ನು ಹೇಳಿ, ಇನ್ನೊಮ್ಮೆ ಯೋಚಿಸಿರೆಂದು ಕಾಲಾವಕಾಶ ಕೊಟ್ಟರು. ಇದು 'ಕಾಷನ್', ಎಚ್ಚರಿಸುವುದು. ಸರ್ಕಾರ ಹೊಲ ಜಪ್ತಿ ಮಾಡಿತು, ಎಮ್ಮೆಗಳನ್ನು ಹೊಡೆದೊಯ್ಯಿತು. ರೈತರು 'ಸಬ್ಮಿಟ್' ಆಗಲಿಲ್ಲ, ಎಂದರೆ ತಲೆಬಾಗಲಿಲ್ಲ. ಆಗಸ್ಟಿನಲ್ಲಿ ಸರ್ಕಾರವೇ 'ಯೀಲ್ಡ್' ಮಾಡಿ ವಿಚಾರಣೆಗೆ ಒಪ್ಪಿತು. ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಗಳು ವಿಚಾರಿಸಿ, ಸುಮಾರು 6ರಷ್ಟು ಏರಿಕೆಯೇ ಸಾಕೆಂದರು. ನಮ್ಮ ಉತ್ತರ ಕನ್ನಡದ ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಬಿರುದು ಬಂದದ್ದು ಈ ಕೀರ್ತಿಯಿಂದಲೇ.

ಈಗ ನಮ್ಮ ನಿತ್ಯದ ಬರವಣಿಗೆಗೆ ಬರೋಣ. 'ಅಡ್ವೈಸ್', 'ಸಜೆಸ್ಟ್', 'ಅರ್ಜ್' - ಈ ಮೂರೂ ಕೆಲಸ ನಡೆಯಿತೇ ಎಂಬುದನ್ನು ಹೇಳುವುದಿಲ್ಲ. 'ಐ ಅರ್ಜ್ಡ್ ಹಿಮ್, ಬಟ್ ಹಿ ಡಿಡ್ ನಾಟ್ ಕಮ್' ಎಂದರೆ ಸರಿ. 'ಅರ್ಜ್ಡ್' ಇದ್ದಲ್ಲಿ 'ಪರ್ಸ್ವೇಡೆಡ್' ಹಾಕಿದರೆ ತಪ್ಪು. ಅವನು ಒಪ್ಪದಿದ್ದರೆ ನೀವು ಒಪ್ಪಿಸಿದಂತಾಗುವುದೆಂತು? ಅಲ್ಲಿ 'ಟ್ರೈಡ್ ಟು ಪರ್ಸ್ವೇಡ್' ಎನ್ನಬೇಕು. 'ಸಜೆಸ್ಟೆಡ್ ಮಿ ಟು ಗೋ' ಎಂಬುದು ನಮ್ಮ ಅರ್ಜಿಗಳಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು. 'ಸಜೆಸ್ಟೆಡ್ ದಟ್ ಐ ಗೋ' ಎಂಬುದು ಶುದ್ಧ. 'ಮೇಡ್ ಮಿ ಸೈನ್' ಎನ್ನುವಾಗ 'ಟು' ಬೇಡ. ತಿರುಗಿಸಿ 'ಐ ವಾಸ್ ಮೇಡ್ ಟು ಸೈನ್' ಎನ್ನುವಾಗ ಅದು ಬೇಕೇಬೇಕು. ಮಣಿಯುವ ಮಾತುಗಳಲ್ಲಿ 'ಅಗ್ರೀ' ಎಂದರೆ ಮನಃಪೂರ್ವಕ ಒಪ್ಪಿಗೆ. 'ಗಿವ್ ಇನ್' ಎಂದರೆ ಸೋತು ಪಟ್ಟು ಸಡಿಲಿಸುವುದು. 'ಕಂಪ್ಲೈ' ಎಂದರೆ ಮನಸ್ಸು ಹೇಗೇ ಇರಲಿ, ಹೇಳಿದಂತೆ ನಡೆಯುವುದು. ಒಪ್ಪದೆಯೇ ಅಪ್ಪಣೆ ಪಾಲಿಸಿದ ಗುಮಾಸ್ತನಿಗೆ ಈ ಕೊನೆಯ ಪದ ದೊಡ್ಡ ಆಸರೆ.

ಊಟದ ತಟ್ಟೆಯಿಂದ ಹೊರಟ 'ಆಗ್ರಹ'ದ ಕಥೆ ಇನ್ನೂ ಸ್ವಲ್ಪ ಉಳಿದಿದೆ. ದಕ್ಷಿಣ ಆಫ್ರಿಕೆಯಲ್ಲಿ ತಮ್ಮ ಹೋರಾಟಕ್ಕೆ 'ಪ್ಯಾಸಿವ್ ರೆಸಿಸ್ಟೆನ್ಸ್' ಎಂಬ ಇಂಗ್ಲಿಷ್ ಹೆಸರು ಸಾಲದೆಂದು ಗಾಂಧೀಜಿಯವರು ತಮ್ಮ ಪತ್ರಿಕೆಯ ಓದುಗರಿಂದಲೇ ಹೊಸ ಹೆಸರು ಕೇಳಿದರು. ಮಗನಲಾಲ ಗಾಂಧಿಯವರು 'ಸದಾಗ್ರಹ' ಎಂದು ಸೂಚಿಸಿದರು. ಅದನ್ನು ತಿದ್ದಿ 'ಸತ್ಯಾಗ್ರಹ' ಮಾಡಿದರು. ಎದುರಾಳಿಯನ್ನು ಹೆದರಿಸದೆ, ತಾನೂ ಜಗ್ಗದೆ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ತಕ್ಕ ಪದ ಸಿಗದಿದ್ದಾಗ, ಬಡಿಸುವವರ ಬಾಯಲ್ಲಿರುವ ಆ ಪದವೇ ಒದಗಿತು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ನಾಳೆ ಯಾರಾದರೂ ಇಂಗ್ಲಿಷಿನ ಕಾಗದವೊಂದನ್ನು ಮುಂದಿಟ್ಟು 'ಇಲ್ಲಿ ರುಜು ಹಾಕು' ಎಂದಾಗ, ಲೇಖನಿ ಎತ್ತುವ ಮೊದಲು ಅದರ ಕ್ರಿಯಾಪದವನ್ನು ಹುಡುಕಿರಿ. ನೀವು ಒಪ್ಪಿದಿರೆಂದು ಅದು ಹೇಳುತ್ತದೆಯೋ, ಒತ್ತಾಯಕ್ಕೆ ಮಣಿದಿರೆಂದು ಹೇಳುತ್ತದೆಯೋ ನೋಡಿರಿ. ಅರ್ಥವಾಗದಿದ್ದರೆ ಬಲ್ಲವರನ್ನು ಕೇಳಿ ತಿಳಿಯುವವರೆಗೆ ಕಾಲಾವಕಾಶ ಬೇಡಿರಿ. ಬಾರ್ಡೋಲಿಯ ರೈತರಿಗೆ ಪಟೇಲರು ಮೊದಲು ಕೊಟ್ಟದ್ದೂ ಅದನ್ನೇ.