ಆತುರಕ್ಕೆ ಬಲಿಯಾಗುವ ಬಂಡೂರು ಮರಿ

ಮಳವಳ್ಳಿ ಕಡೆಯ ಬಸ್ಸು ಹತ್ತುವವರಿಗೆ ಇದೇನೂ ಹೊಸ ನೋಟವಲ್ಲ. ಡ್ರೈವರ್ ಸೀಟಿನ ಹಿಂದೆ ಒಂದು ಮೂಟೆ ಮುಸುಕಿನ ಜೋಳ. ಅದರ ಮೇಲೊಂದು ಚೀಲ ಕಡಲೆಕಾಯಿ ಹಿಂಡಿ. ಎರಡರ ಮೇಲೂ ಕೈಯಿಟ್ಟುಕೊಂಡು ಕೂತ ಯಜಮಾನರು. ಕಂಡಕ್ಟರು ಲಗೇಜಿನ ಟಿಕೆಟು ಕೊಡುತ್ತ, "ಏನ್ ಗೌಡ್ರೆ, ಮನೇಲಿ ಮದ್ವೆಯಾ?" ಅಂತಾನೆ.

"ಮದ್ವೆ ಅಲ್ಲ ಕಣಪ್ಪ, ಟಗರು ಮರೀಗೆ. ಬರೋ ತಿಂಗ್ಳು ಮೇಳ ಐತಲ್ಲ, ಪ್ರೈಜ್ ಹೊಡೀಬೇಕು!"

ಬಸ್ಸೆಲ್ಲ ನಗುತ್ತದೆ. ಆದರೆ ಇದು ನಗುವ ಮಾತಲ್ಲ ಸ್ವಾಮಿ. ಆ ಮೂಟೆಯಲ್ಲಿ ಮರಿಗೆ ಬಹುಮಾನವೂ ಇದೆ, ಮರಣವೂ ಇದೆ. ಯಾವುದು ಮೊದಲು ಹೊರಗೆ ಬರುತ್ತದೆ ಎನ್ನುವುದು ಮೂಟೆ ಬಿಚ್ಚುವ ಕೈಗೆ ಬಿಟ್ಟದ್ದು.

ಊರೂರಿಗೂ ಒಂದೇ ಕಥೆ. ಮೇಳಕ್ಕೆ ಇನ್ನು ನಾಲ್ಕು ದಿನ. ನೆನ್ನೆ ಸಂಜೆ ಕುಣಿದಾಡುತ್ತಿದ್ದ ಮರಿ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಕಾಲು ಚಾಚಿ ಬಿದ್ದಿರುತ್ತದೆ. ಮನೆಯಾಕೆ "ಯಾವ ಪಾಪಿ ಕಣ್ಣು ಬಿತ್ತೋ" ಅಂತ ಎದೆ ಬಡಿದುಕೊಂಡು ಅಳುತ್ತಾಳೆ. ಮಗಳ ಕಾಲೇಜು ಫೀಜಿಗೆ, ಸೊಸೈಟಿ ಸಾಲದ ಕಂತಿಗೆ ಅಂತ ಆ ಮರಿಯ ಮೇಲೆ ಕಟ್ಟಿಕೊಂಡಿದ್ದ ಲೆಕ್ಕವೆಲ್ಲ ಒಂದೇ ರಾತ್ರಿಗೆ ಮಣ್ಣು. ಬಿದ್ದದ್ದು ಯಾರ ಕಣ್ಣೂ ಅಲ್ಲ. ಬಿದ್ದದ್ದು ಒಂದು ಮೊರ ಜೋಳ, ಅದೂ ಮರಿಯ ಹೊಟ್ಟೆಗೆ.

ಗಿಡ್ಡ ಕುರಿ, ದೊಡ್ಡ ಹೆಸರು

ಮಳವಳ್ಳಿ ಕಡೆ ಬಂಡೂರು ಕುರಿ ಅನ್ನುತ್ತಾರೆ, ಮೈಸೂರು ಕಡೆ ಬನ್ನೂರು ಕುರಿ ಅನ್ನುತ್ತಾರೆ, ಸರ್ಕಾರದ ಪುಸ್ತಕದಲ್ಲಿ ಮಂಡ್ಯ ತಳಿ. ಮೂರೂ ಒಂದೇ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಇದಕ್ಕಾಗಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವೂ ಇದೆ. ಬೆಳೆದ ಟಗರು ಸರಾಸರಿ 35 ಕೆ.ಜಿ. ಆಸುಪಾಸು, ಹೆಣ್ಣು ಕುರಿ 25 ಕೆ.ಜಿ. ಒಳಗೆ. ಉತ್ತರ ಕರ್ನಾಟಕದ ಎತ್ತರದ ಟಗರುಗಳ ಪಕ್ಕ ನಿಲ್ಲಿಸಿದರೆ ಇದು ಗಿಡ್ಡ. ಕೊಂಬಿಲ್ಲ. ಎಲೆಯಂತೆ ಜೋತುಬಿದ್ದ ಕಿವಿ, ಬಿಳಿ ಮೈ, ಮುಖದ ಮೇಲೆ ತೆಳು ಕಂದು. ಬಹಳಷ್ಟು ಕುರಿಗಳಿಗೆ ಕತ್ತಿನ ಕೆಳಗೆ ಜೋತಾಡುವ ಎರಡು ಮಾಂಸದ ಮಣಿ.

ಹಿಂದಿನಿಂದ ನೋಡಬೇಕು ಇದರ ಚೆಂದ. ಎರಡು ತೊಡೆಗಳ ನಡುವೆ ಮಾಂಸ ತುಂಬಿ, ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಅದೇ ಇದರ ಗುರುತು. ಬಾಡೂಟ ಬಲ್ಲವರು ಈ ಕುರಿಗೆ ಹೆಚ್ಚಿನ ದುಡ್ಡು ಕೊಡುವುದೂ ಆ ಮಾಂಸದ ರುಚಿಗೇ.

ಕಣ್ಣಿಗೆ ಮೋಸ ಮಾಡಬಹುದು, ಕೈಗೆ ಆಗೋಲ್ಲ

ಕೃಷಿ ಮೇಳವಾಗಲಿ, ಊರಿನ ಜಾನುವಾರು ಪ್ರದರ್ಶನವಾಗಲಿ, ತೀರ್ಪುಗಾರರು ದೂರದಿಂದ ನೋಡಿ ಹೋಗುವುದಿಲ್ಲ. ಹತ್ತಿರ ಬಂದು ಬೆನ್ನ ಮೇಲೆ ಕೈ ಇಡುತ್ತಾರೆ. ಕೊನೆಯ ಪಕ್ಕೆಲುಬಿನ ಹಿಂದೆ ಸೊಂಟದ ಭಾಗದಲ್ಲಿ ಬೆರಳು ಒತ್ತುತ್ತಾರೆ. ಬೆನ್ನುಮೂಳೆ ಗರಗಸದಂತೆ ಸಿಕ್ಕರೆ ಮರಿ ಬಡಕಲು. ಎಷ್ಟು ಒತ್ತಿದರೂ ಮೂಳೆಯೇ ಸಿಗದೆ ಬೆಣ್ಣೆಮುದ್ದೆಯಂತೆ ಬೆರಳು ಇಳಿದರೆ ಅದು ಬೊಜ್ಜು. ಮೂಳೆ ದುಂಡಗೆ ಸಿಗಬೇಕು, ಅದರ ಎರಡೂ ಪಕ್ಕ ಗಟ್ಟಿ ಮಾಂಸ ತುಂಬಿರಬೇಕು. ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿಯಲ್ಲಿ ಮೂರು, ಮೂರೂವರೆಗೆ ಬಂದ ಮರಿಯೇ ಹದವಾದ ಮರಿ.

ಇದನ್ನು ತಿಳಿಯದವರು ಏನು ಮಾಡುತ್ತಾರೆ? ಹದಿನೈದು ದಿನ ಮುಂಚೆ ಎಚ್ಚರವಾಗಿ ಸಿಕ್ಕಿದ್ದನ್ನೆಲ್ಲ ತುರುಕುತ್ತಾರೆ. ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸುವ ಸಂತೆ ಕಸುಬನ್ನೂ ಮೇಳಕ್ಕೆ ತರುತ್ತಾರೆ. ತಕ್ಕಡಿಯ ಮುಳ್ಳು ಮೇಲೇರಬಹುದು. ಆದರೆ ಬೆನ್ನ ಮೇಲಿಟ್ಟ ಕೈ ಸುಳ್ಳು ಹೇಳುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದರೆ?

ಇಡ್ಲಿ ಹಿಟ್ಟಿನ ಲೆಕ್ಕ

ಕುರಿಯ ಹೊಟ್ಟೆ ನಮ್ಮ ನಿಮ್ಮ ಹೊಟ್ಟೆಯಂತಲ್ಲ. ಅದಕ್ಕೆ ನಾಲ್ಕು ಕೋಣೆ. ಮೊದಲ ದೊಡ್ಡ ಕೋಣೆಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಕೋಟಿಗಟ್ಟಲೆ. ಹುಲ್ಲು, ಸೊಪ್ಪು, ಹೊಟ್ಟು ಅರಗಿಸಿ ಕೊಡುವವು ಅವೇ. ಹುಲ್ಲಿಗೆ ಹೊಂದಿಕೊಂಡ ಈ ಹೊಟ್ಟೆಗೆ ಒಂದೇ ದಿನ ಒಂದು ಮೊರ ಜೋಳವೋ, ಮದುವೆ ಮನೆಯಲ್ಲಿ ಮಿಕ್ಕ ಅನ್ನವೋ ಬಿದ್ದರೆ ಹುಳಿ ಮಾಡುವ ಜೀವಾಣುಗಳು ಎದ್ದು ಕೂರುತ್ತವೆ. ಬೇಸಗೆಯಲ್ಲಿ ಒಲೆಯ ಪಕ್ಕ ಮರೆತ ಇಡ್ಲಿ ಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಏನಾಗುತ್ತದೆ? ಮರಿಯ ಹೊಟ್ಟೆಯಲ್ಲೂ ಅದೇ ಆಗುತ್ತದೆ.

ಮರಿ ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಮೆಲುಕು ನಿಲ್ಲುತ್ತದೆ. ಹುಳಿ ವಾಸನೆಯ ನೀರು ಭೇದಿ ಶುರುವಾಗುತ್ತದೆ. ಕುಡಿದವನಂತೆ ತೂರಾಡಿ ಮಲಗಿಬಿಡುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಇಂಥ ಹೊತ್ತಿನಲ್ಲಿ ಕಾಳು ತಕ್ಷಣ ನಿಲ್ಲಿಸಿ, ಒಣ ಹುಲ್ಲು ಮುಂದಿಟ್ಟು, ಪಶು ಆಸ್ಪತ್ರೆಗೆ ಓಡಬೇಕು. ಬಾಯಿಗೆ ಗೊಟ್ಟ ತುರುಕಿ ಎಣ್ಣೆ, ಕಷಾಯ ಅಂತ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ಮರಿ ಇನ್ನೂ ಬೇಗ ಹೋದೀತು.

ಇನ್ನೊಂದು ಶತ್ರು ಕರುಳು ಬೇನೆ. ಇದರ ರೋಗಾಣು ಆರೋಗ್ಯವಾಗಿರುವ ಮರಿಯ ಕರುಳಲ್ಲೂ ಸುಮ್ಮನೆ ಇರುತ್ತದೆ. ಕಾಳು ಒಮ್ಮೆಗೇ ಹೆಚ್ಚಾದರೆ ಬೆಳೆದು ವಿಷ ಕಾರುತ್ತದೆ. ಈ ರೋಗಕ್ಕೂ ಚೆಂದದ ಮರಿಯೇ ಬೇಕು! ಹಿಂಡಿನಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾಗಿ, ಎಲ್ಲಕ್ಕಿಂತ ಮುಂದೆ ನುಗ್ಗಿ ತಿನ್ನುವ ಮರಿಯೇ ಮೊದಲು ಬೀಳುವುದು. ಔಷಧಿಗೆ ಹೊತ್ತೇ ಕೊಡುವುದಿಲ್ಲ. ಲಸಿಕೆಯೊಂದೇ ದಾರಿ. ಒಂದು ಸಲ ಹಾಕಿಸಿ, ಎರಡು ಮೂರು ವಾರಕ್ಕೆ ಇನ್ನೊಂದು ಹಾಕಿಸಬೇಕು. ಕಾಳು ಹೆಚ್ಚಿಸುವುದಕ್ಕೆ ಮೊದಲೇ ಇದು ಮುಗಿದಿರಬೇಕು. ಜಂತಿನ ಔಷಧಿಯೂ ಅಷ್ಟೇ. ಹೊಟ್ಟೆಯಲ್ಲಿ ಜಂತು ಇಟ್ಟುಕೊಂಡ ಮರಿಗೆ ಹಿಂಡಿ ಹಾಕಿದರೆ ಕೊಬ್ಬುವುದು ಜಂತು.

ಚಟಾಕಿನ ಲೆಕ್ಕದಲ್ಲಿ ಏರಿಸಿ

ಹಾಗಾದರೆ ಕಾಳು ಹಾಕುವುದೇ ಬೇಡವೆ? ಬೇಕು. ಹದವಾಗಿ ಬೇಕು. ಮೇಳದ ಮರಿಯ ಲೆಕ್ಕ ಹುಟ್ಟಿದ ಗಂಟೆಯಿಂದಲೇ ಶುರು. ಮೊದಲ ಕೆಲವು ಗಂಟೆಯೊಳಗೆ ತಾಯಿಯ ಗಿಣ್ಣು ಹಾಲು ಹೊಟ್ಟೆಗೆ ಇಳಿದಿರಬೇಕು. ಎರಡು ವಾರ ಕಳೆದ ಮೇಲೆ ಎಳೆ ಸೊಪ್ಪು, ಚೂರು ನುಚ್ಚು ತೋರಿಸಬೇಕು. ಮೂರು ತಿಂಗಳಿಗೆ ಹಾಲು ಬಿಡಿಸುವ ಹೊತ್ತಿಗೆ ಹೊಟ್ಟೆ ಮೇವಿಗೆ ಪಳಗಿರುತ್ತದೆ.

ಆಮೇಲೆ ಕಾಳಿನ ಮಿಶ್ರಣ. 100 ಕೆ.ಜಿ.ಗೆ ಮುಸುಕಿನ ಜೋಳದ ನುಚ್ಚು 45, ಕಡಲೆಕಾಯಿ ಹಿಂಡಿ 25, ಗೋಧಿ ಬೂಸಾ 27, ಕುರಿಯ ಖನಿಜ ಮಿಶ್ರಣ 2, ಉಪ್ಪು 1. ಜೋಳವನ್ನು ನುಚ್ಚು ಮಾಡಿಸಿ, ನುಣ್ಣಗೆ ಹಿಟ್ಟು ಮಾಡಿಸಬೇಡಿ. ಹಿಟ್ಟಾದಷ್ಟೂ ಬೇಗ ಹುಳಿಯುತ್ತದೆ. 20 ಕೆ.ಜಿ. ಮರಿಗೆ ಮೊದಲ ದಿನ 50 ಗ್ರಾಂ ಸಾಕು. ಹಳಬರ ತೂಕದಲ್ಲಿ ಅದು ಒಂದು ಚಟಾಕಿಗೂ ಕಮ್ಮಿ. ನಾಲ್ಕು ದಿನಕ್ಕೊಮ್ಮೆ ಇನ್ನೊಂದು 50 ಗ್ರಾಂ ಏರಿಸಿದರೆ ಮೂರು ವಾರಕ್ಕೆ 300 ಗ್ರಾಂ ಮುಟ್ಟುತ್ತದೆ. ಅಷ್ಟನ್ನೂ ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಬೇಕು. ಮೊದಲು ಮೇವು, ಆಮೇಲೆ ಕಾಳು. ಹಸಿದ ಹೊಟ್ಟೆಗೆ ಕಾಳು ಕೂಡದು.

ಮೇವಿಗೆ ಈ ಸೀಮೆಯಲ್ಲಿ ಬಡತನವಿಲ್ಲ. ಹುರುಳಿ ಹೊಟ್ಟು, ಅವರೆ ಹೊಟ್ಟು, ಕಡಲೆಕಾಯಿ ಬಳ್ಳಿ, ಅಗಸೆ ಸೊಪ್ಪು, ಹಲಸಿನ ಸೊಪ್ಪು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಮಿಕ್ಕ ಹಿಪ್ಪುನೇರಳೆ ಸೊಪ್ಪು ಮರಿಗೆ ಹಬ್ಬದೂಟ. ಆದರೆ ತೋಟಕ್ಕೆ ಔಷಧಿ ಹೊಡೆದದ್ದು ಯಾವತ್ತು ಅಂತ ಒಂದು ಮಾತು ಕೇಳಿ ಹಾಕಬೇಕು.

ಅಂಗಡಿಯವರಿಗೆ ಒಂದು ಮಾತು

ಹಿಂಡಿ ಬೂಸಾ ಅಂಗಡಿಯ ಸಾಹುಕಾರರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. "ಕುರಿ ಮಿಕ್ಸ್ಚರ್ ಇಲ್ಲ, ಹಸುವಿನದೇ ತಗಂಡೋಗು, ಎಲ್ಲಾ ಒಂದೇ" ಎನ್ನುವ ಮಾತು ಗಲ್ಲಾದ ಮುಂದೆ ಸಲೀಸು. ಎಲ್ಲಾ ಒಂದೇ ಅಲ್ಲ. ಹಸುವಿನ ಖನಿಜ ಮಿಶ್ರಣದಲ್ಲಿ, ಹಸುವಿನ ಫೀಡಿನಲ್ಲಿ ತಾಮ್ರದ ಅಂಶ ಹೆಚ್ಚಿರುತ್ತದೆ. ಹಸು ತಡೆಯುತ್ತದೆ, ಕುರಿ ತಡೆಯುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ತಾಮ್ರ ಕೂಡಿ, ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ, ಗಂಜಲ ಕೆಂಪಾಗಿ ಮರಿ ಬೀಳುತ್ತದೆ. ಯೂರಿಯಾ ಬೆರೆಸಿದ ಫೀಡೂ ಎಳೆ ಮರಿಗೆ ವಿಷವೇ. ಗಿರಾಕಿ ಕೇಳದಿದ್ದರೂ "ಹಸೂಗೋ ಕುರೀಗೋ?" ಅಂತ ಅಂಗಡಿಯವರೇ ಕೇಳಿದರೆ ಗಂಟೇನೂ ಹೋಗುವುದಿಲ್ಲ.

ಟಗರು ಮರಿಗೆ ಮತ್ತೊಂದು ಗಂಡಾಂತರ ಮೂತ್ರದ ಕಲ್ಲು. ಕಾಳು, ಬೂಸಾ ಹೆಚ್ಚಾಗಿ ಸುಣ್ಣದ ಅಂಶ ಕಮ್ಮಿಯಾದರೆ, ಜತೆಗೆ ನೀರೂ ಸಾಲದಾದರೆ ಕಲ್ಲು ಕಟ್ಟುತ್ತದೆ. ಗಂಡು ಮರಿಯ ಮೂತ್ರನಾಳ ಕಿರಿದು, ಅಂಕುಡೊಂಕು. ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮರಿ ಬಾಲ ಅದುರಿಸುತ್ತ ಮುಕ್ಕುತ್ತ ನಿಂತರೆ "ಹಿಕ್ಕೆ ಕಟ್ಕೊಂಡೈತೆ ಬುಡು" ಅಂತ ಸುಮ್ಮನಾಗುವವರೇ ಹೆಚ್ಚು. ಗಂಜಲ ತೊಟ್ಟು ತೊಟ್ಟಾಗಿ ಬೀಳುತ್ತಿದ್ದರೆ ಅದು ಡಾಕ್ಟರ ಕೆಲಸ. ಬರದಂತೆ ನೋಡಿಕೊಳ್ಳುವುದು ಮಾತ್ರ ಸುಲಭ. ದಿನವೆಲ್ಲ ಶುದ್ಧ ನೀರು ಮುಂದಿರಲಿ, ಉಪ್ಪು ಇರಲಿ, ಅಗಸೆ ಹಿಪ್ಪುನೇರಳೆಯಂಥ ಸುಣ್ಣದಂಶದ ಸೊಪ್ಪು ಇರಲಿ.

ನಡೆದ ಮರಿಗೇ ನಿಲ್ಲುವ ಗತ್ತು

ಕಟ್ಟಿ ಹಾಕಿ ತಿನ್ನಿಸಿದರೆ ಬೊಜ್ಜು ಬರುತ್ತದೆ, ನಡೆಸಿ ತಿನ್ನಿಸಿದರೆ ಮಾಂಸ ಬರುತ್ತದೆ. ಬೆಳಿಗ್ಗೆ ತಂಪಿನಲ್ಲಿ, ಸಂಜೆ ಬಿಸಿಲಿಳಿದ ಮೇಲೆ ಒಂದೊಂದು ಕಿಲೋಮೀಟರ್ ಹಗ್ಗ ಹಿಡಿದು ನಡೆಸಬೇಕು. ಮನೆಯ ಮಕ್ಕಳಿಗೆ ಹೇಳಿದರೆ ಖುಷಿಯಾಗಿ ಮಾಡುತ್ತವೆ. ಹೀಗೆ ನಡೆದ ಮರಿ ಜನಕ್ಕೆ ಹೆದರುವುದಿಲ್ಲ, ಮೈಕಿನ ಗದ್ದಲಕ್ಕೆ ಬೆಚ್ಚುವುದಿಲ್ಲ, ಪರಕೀಯರು ಬೆನ್ನು ಮುಟ್ಟಿದರೆ ನಾಲ್ಕು ಕಾಲೂರಿ ನಿಲ್ಲುತ್ತದೆ. ಗೊರಸನ್ನು ವಾರ ಹತ್ತು ದಿನ ಮುಂಚೆಯೇ ಕತ್ತರಿಸಬೇಕು. ಹಿಂದಿನ ದಿನ ಕತ್ತರಿಸಿ ಕುಂಟಿಸಿಕೊಂಡು ಹೋದರೆ ಯಾರು ಪ್ರೈಜ್ ಕೊಡುತ್ತಾರೆ? ಮೈ ತೊಳೆಯುವುದೂ ಬಿಸಿಲಿರುವ ದಿನ, ಎರಡು ಮೂರು ದಿನ ಮೊದಲು.

ಕೊನೆಯ ವಾರ ಹೊಸದೇನೂ ಬೇಡ. ಹೊಸ ಹಿಂಡಿಯೂ ಬೇಡ, ನೆಂಟರು ಹೇಳಿದ ಟಾನಿಕ್ಕೂ ಬೇಡ. ಟೆಂಪೋ ಹತ್ತಿಸುವ ದಿನ ಕಾಳು ಅರ್ಧಕ್ಕಿಳಿಸಿ, ಮನೆಯ ಒಣ ಮೇವಿನ ಒಂದು ಹೊರೆಯನ್ನು ಜತೆಗೇ ಹಾಕಿಕೊಂಡು ಹೋಗಬೇಕು.

ಒಂದು ವಿಚಾರ ಮರೆಯಬಾರದು. ಮೇಳದ ಪ್ರೈಜ್ ಒಂದು ದಿನದ್ದು. ಗೆದ್ದ ಟಗರಿನ ಕೆಲಸ ಶುರುವಾಗುವುದೇ ಆಮೇಲೆ. ಅದರಿಂದ ಊರ ಹಿಂಡಿಗೆ ಬಿತ್ತನೆ ನಡೆಯಬೇಕು, ತಳಿ ಉಳಿಯಬೇಕು. ಬೊಜ್ಜು ಬೆಳೆದ ಟಗರು ಕುರಿಯ ಹಿಂದೆ ನಾಲ್ಕು ಹೆಜ್ಜೆ ಓಡಲಾರದು. ಅದಕ್ಕೆ ಉಳಿಯುವ ದಾರಿ ಕಸಾಯಿ ಅಂಗಡಿಯದು.

ಬಸ್ಸಿನ ಯಜಮಾನರ ಕಡೆಗೆ ಮತ್ತೆ ಬರೋಣ. ಮೇಳಕ್ಕೆ ಇನ್ನೂ ಒಂದು ತಿಂಗಳಿದೆ, ಮೂರು ವಾರದ ಲೆಕ್ಕಕ್ಕೆ ಬೇಕಾದಷ್ಟು ಹೊತ್ತು. ಊರು ಬಂತು ಅಂತ ಕಂಡಕ್ಟರು ವಿಸಿಲ್ ಹೊಡೆಯುತ್ತಾನೆ, ಹಿಂದಿನ ಸೀಟಿನವರೊಬ್ಬರು ಮೂಟೆಗೆ ಕೈ ಕೊಡುತ್ತಾರೆ. ಮನೆ ಮುಟ್ಟಿದ ಮೇಲೆ ಯಜಮಾನರು ಮಾಡಬೇಕಾದ ಮೊದಲ ಕೆಲಸ ಒಂದೇ. ಆ ಮೂಟೆಯ ಬಾಯಿ ಬಿಗಿದು ಕಟ್ಟಿ, ಮರಿಗೆ ಎಟುಕದ ಅಟ್ಟದ ಮೇಲಿಟ್ಟು, ಹಗ್ಗ ಹಿಡಿದು ಮರಿಯನ್ನು ಒಂದು ಸುತ್ತು ನಡೆಸಿಕೊಂಡು ಬರುವುದು.