ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ಕುಡಿಯುವವ ಯಾರು?

ಇವತ್ತಿನ ಮಾತು ನಮ್ಮ ಮನೆ ಕಾರಿನದ್ದು. ಮನೆ ಇರುವುದು ಕಡಬದಿಂದ ಒಳಗೆ, ಅಡಿಕೆ ತೋಟದ ಮಧ್ಯೆ. ಅಲ್ಲಿ ಅಪ್ಪ, ಅಮ್ಮ ಇಬ್ಬರೇ. ಕಾರು ಹೊರಡುವುದು ವಾರಕ್ಕೊಮ್ಮೆ, ಪುತ್ತೂರಿಗೋ ಸುಳ್ಯಕ್ಕೋ. ಉಳಿದ ದಿನ ಶೆಡ್ಡಲ್ಲಿ.

ಕಳೆದ ಜುಲೈಯಲ್ಲಿ ಮಳೆ ಜೋರಾಗಿ ಹತ್ತು ದಿನ ಯಾರೂ ಕಾರು ತೆಗೆಯಲಿಲ್ಲ. ಹತ್ತನೇ ರಾತ್ರಿ ಅಪ್ಪನಿಗೆ ಎದೆನೋವು. ಅಮ್ಮ ಕೀ ತಿರುಗಿಸಿದರೆ ಟಕ್ ಟಕ್ ಟಕ್, ಅಷ್ಟೇ. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಜೀಪಲ್ಲಿ ಪುತ್ತೂರಿಗೆ ಹೊರಡುವಾಗ ಮುಕ್ಕಾಲು ಗಂಟೆ ಹೋಗಿತ್ತು. ಗ್ಯಾಸ್ಟ್ರಿಕ್ ಅಂತ ಗೊತ್ತಾಯ್ತು, ಪುಣ್ಯ. ಆದರೆ ಆ ಮುಕ್ಕಾಲು ಗಂಟೆ ನನ್ನ ತಲೆಯಿಂದ ಹೋಗಲಿಲ್ಲ. ಯಾಕಂದ್ರೆ ಬ್ಯಾಟರಿಗೆ ನಾಲ್ಕೇ ತಿಂಗಳು. ಹಳೆಯದು ಹೀಗೇ ಕೈಕೊಟ್ಟಿತ್ತು ಅಂತಲೇ ಹೊಸತು ಹಾಕಿಸಿದ್ದು.

ಬೆಂಗಳೂರಿಂದ ಬಂದವನು ಸುಳ್ಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಮತ್ತೆ ಬ್ಯಾಟರಿ ತಗೊಳ್ಬೇಡಿ ಮಾರಾಯ್ರೆ. ಕುಡಿಯುವವ ಒಳಗೆ ಎಲ್ಲೋ ಕೂತಿದ್ದಾನೆ, ಮೊದಲು ಅವನನ್ನು ಹಿಡೀರಿ" ಅಂದರು.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, 10ರ ಸ್ಪ್ಯಾನರ್‌ನಲ್ಲಿ ನೆಗೆಟಿವ್ ವಯರ್ ಬಿಚ್ಚಿ ಮೂರು ದಿನ ಹಾಗೇ ಬಿಡುವುದು. ನಮ್ಮದು 12.6 ವೋಲ್ಟ್ ಇದ್ದದ್ದು 12.6 ಆಗಿಯೇ ಇತ್ತು. ಅಂದರೆ ಬ್ಯಾಟರಿ ಸರಿ ಉಂಟು, ಕಳ್ಳ ಕಾರಿನೊಳಗೆ. ಬಿಚ್ಚಿಟ್ಟರೂ ವೋಲ್ಟೇಜ್ ಇಳಿದರೆ ಮಾತ್ರ ಬ್ಯಾಟರಿಯದ್ದೇ ತಪ್ಪು.

ಮುಂದಿನದ್ದಕ್ಕೆ ಮಲ್ಟಿಮೀಟರ್ ಬೇಕು. ಕೆಂಪು ವಯರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಿಸಿ ಆಂಪಿಯರ್‌ಗೆ ತಿರುಗಿಸಿ, ಬಿಚ್ಚಿದ ನೆಗೆಟಿವ್ ವಯರ್ ಮತ್ತು ಬ್ಯಾಟರಿಯ ನೆಗೆಟಿವ್ ತುದಿಯ ನಡುವೆ ಸೇರಿಸಬೇಕು. ಆಗ ಕಾರು ಕುಡಿಯುವ ಕರೆಂಟೆಲ್ಲ ಮೀಟರ್ ಮೂಲಕವೇ ಹೋಗುತ್ತದೆ. ಈ ಸ್ಥಿತಿಯಲ್ಲಿ ಕೀ ತಿರುಗಿಸಲೇಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ.

ಇಲ್ಲಿ ತಾಳ್ಮೆ ಬೇಕು. ವಯರ್ ಸೇರಿಸಿದ ಕೂಡಲೇ ಕಾರಿನ ಕಂಪ್ಯೂಟರ್‌ಗಳು ಎದ್ದು ಕೂರುತ್ತವೆ, ಮೀಟರ್ ದೊಡ್ಡ ಅಂಕಿ ತೋರಿಸಿ ಹೆದರಿಸುತ್ತದೆ. ಅರ್ಧ ಗಂಟೆ ಬಿಡಿ, ನಿದ್ದೆ ಹೋಗುತ್ತವೆ. ಫ್ಯೂಸ್ ಬಾಕ್ಸ್ ಮುಟ್ಟಲು ಬಾಗಿಲು ತೆರೆದಿರಬೇಕಲ್ಲ, ಅದಕ್ಕೊಂದು ಉಪಾಯ: ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಟಕ್ ಅಂತ ಒತ್ತಿ ಮುಚ್ಚಿದರೆ ಬಾಗಿಲು ಹಾಕಿದೆ ಅಂದುಕೊಂಡು ಕಾರು ಮಲಗುತ್ತದೆ. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಬಿಡಿಸಿ, ಮರೆತು ಬಾಗಿಲು ಬಡಿಯಬೇಡಿ. ಸ್ಮಾರ್ಟ್ ಕೀ ಇದ್ದರೆ ಅದನ್ನು ಮನೆಯೊಳಗೆ ದೂರ ಇಡಿ.

ಮಲಗಿದ ಕಾರು ಸಾಮಾನ್ಯವಾಗಿ 0.05 ಆಂಪಿಯರ್‌ಗಿಂತ ಕಡಿಮೆ ಕುಡಿಯಬೇಕು. ನಮ್ಮದು 0.11. ಮುಂದಿನ ಸೊನ್ನೆ ನೋಡಿ ಸಣ್ಣದು ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ: ಹತ್ತು ದಿನ ಅಂದರೆ 240 ಗಂಟೆ, 26 ಆಂಪಿಯರ್-ಅವರ್ ಖಾಲಿ. ನಮ್ಮ ಸಣ್ಣ ಕಾರಿನ ಬ್ಯಾಟರಿಯೇ 35ರದ್ದು! ವಾರಕ್ಕೊಮ್ಮೆ ಓಡಿಸಿದಾಗ ಹೇಗೋ ನಡೆಯುತ್ತಿತ್ತು, ಹತ್ತು ದಿನ ನಿಂತಾಗ ಬಿತ್ತು.

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುವುದು. ನಾನು ಬೂಟ್ ಲೈಟ್ ಅಂತ ಪಂಥ ಕಟ್ಟಿದ್ದೆ, ಸೋತೆ. ಮಳೆಗಾಲದಲ್ಲಿ ಇಲಿ ಬಾನೆಟ್ ಒಳಗೆ ಸೇರಿ ವಯರ್ ಕಡಿಯುವುದು ನಮ್ಮ ಕಡೆ ಹೊಸತಲ್ಲ, ಅದೂ ಅಲ್ಲ. ಸ್ಟೀರಿಯೋ ಫ್ಯೂಸ್ ಕಿತ್ತಾಗ ಅಂಕಿ 0.02ಕ್ಕೆ ಇಳಿಯಿತು. (ಎಲ್ಲ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ ಪಡಿ, ಅದಕ್ಕೆ ಎಲೆಕ್ಟ್ರಿಷಿಯನ್ನೇ ಬೇಕು.)

ಸ್ಟೀರಿಯೋ ಹೊರಗೆಳೆದು ನೋಡಿದೆ. ಹಳದಿ ವಯರ್ ನೆನಪಿನ ಶಕ್ತಿಗೆ, ಯಾವಾಗಲೂ ಕರೆಂಟ್ ಇರುತ್ತದೆ. ಕೆಂಪು, ಕೀ ತಿರುಗಿಸಿದಾಗ ಮಾತ್ರ. ಹಾಕಿದವರು ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದ್ದರು. ಬಟನ್ ಒತ್ತಿ ಆಫ್ ಮಾಡಿದರೂ ಸ್ಟೀರಿಯೋ ಪೂರ್ತಿ ಮಲಗುತ್ತಿರಲಿಲ್ಲ. ಕೀ ಇಲ್ಲದೆ ಹಾಡು ಬರುತ್ತದೆ ಅಂತ ನಾವೇ ಖುಷಿಪಟ್ಟಿದ್ದೆವು ಕೂಡ! ಡ್ಯಾಶ್‌ಕ್ಯಾಮ್, ಜಿಪಿಎಸ್ ಹಾಕಿಸಿದವರೂ ಒಮ್ಮೆ ಕೇಳಿ, ವಯರ್ ಎಲ್ಲಿಗೆ ಕೊಟ್ಟಿದ್ದೀರಿ ಅಂತ.

ಕೆಂಪು ವಯರನ್ನು ಬೇರೆ ಮಾಡಿ ಸರಿಯಾದ ಜಾಗಕ್ಕೆ ಕೊಟ್ಟಾಯ್ತು. ಮೊನ್ನೆ ಹನ್ನೆರಡು ದಿನ ನಿಂತಿದ್ದ ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತಂತೆ, ಅಮ್ಮ ಫೋನಲ್ಲಿ ಹೇಳಿದರು. ಹಾಡು ಕೇಳಲು ಈಗ ಕೀ ತಿರುಗಿಸಬೇಕು ಅಂತ ಅಪ್ಪನಿಗೆ ಮಾತ್ರ ಸ್ವಲ್ಪ ಬೇಸರ.