ಬೃಂದಾವನದಿಂದ ಬಂದ ಏಳು ಅಕ್ಷರ

ಗುರುವಾರ ಸಂಜೆ ಬೆಂಗಳೂರಿನ ಜಯನಗರ 5ನೇ ಬ್ಲಾಕಿನ ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕುವವರೆಲ್ಲರ ಬಾಯಲ್ಲೂ ಸ್ತೋತ್ರವೇ ಇರುವುದಿಲ್ಲ. ಮಗಳ ಮದುವೆ, ಬಿಡದ ಜ್ವರ, ತೀರದ ಸಾಲ ಎಲ್ಲವೂ ಅಲ್ಲಿ ಪಿಸುಮಾತಾಗಿ ಹರಿಯುತ್ತದೆ. ‘ರಾಯರ ಹತ್ತಿರ ಹೇಳ್ಕೊಂಡು ಬಂದೆ’ ಎನ್ನುತ್ತಾರೆ ಜನ. ಕೆಲವು ದಿನ ಕಳೆದ ಮೇಲೆ, ‘ಸ್ವಪ್ನದಲ್ಲಿ ಸೂಚನೆ ಆಯ್ತು’ ಎಂದೂ ಹೇಳುತ್ತಾರೆ. ಇವರು ಮಾತಾಡುತ್ತಿರುವುದು 1671ರಲ್ಲಿ ಮಂಚಾಲೆಯಲ್ಲಿ, ಅಂದರೆ ಇಂದಿನ ಮಂತ್ರಾಲಯದಲ್ಲಿ, ಬೃಂದಾವನಸ್ಥರಾದ ಯತಿಯ ಜೊತೆ. ಜಯತೀರ್ಥರ ನ್ಯಾಯಸುಧೆಗೆ ‘ಪರಿಮಳ’ವೆಂಬ ವ್ಯಾಖ್ಯಾನ ಬರೆದ, ತರ್ಕ ವ್ಯಾಕರಣಗಳಲ್ಲಿ ಪಳಗಿದ ಪಂಡಿತರು ಅವರು. ಅಂಥ ರಾಘವೇಂದ್ರ ತೀರ್ಥರು ಮನೆಮನೆಯ ಸಂಕಟ ಕೇಳುವ ‘ರಾಯರು’ ಆದದ್ದು ಹೇಗೆ?

ಯತಿಗಳ ಬೃಂದಾವನ ಅವರ ಕಾಲಕ್ಕೆ ಹೊಸದಾಗಿರಲಿಲ್ಲ. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ಬೃಂದಾವನಗಳಿವೆ. ಮಧ್ವರ ನೇರ ಶಿಷ್ಯರಾದ ಪದ್ಮನಾಭ ತೀರ್ಥರು, ವಿಜಯನಗರದ ರಾಜಗುರು ವ್ಯಾಸರಾಯರು ಅಲ್ಲಿದ್ದಾರೆ. ರಾಘವೇಂದ್ರರಿಗೆ ಸನ್ಯಾಸ ಕೊಟ್ಟ ಸುಧೀಂದ್ರ ತೀರ್ಥರೂ ಅಲ್ಲಿಯೇ. ಕಲ್ಲಿನ ಕಟ್ಟೆಯ ಮುಂದೆ ಕೈಮುಗಿದು ಗುರುವನ್ನು ನೆನೆಯುವ ವಾಡಿಕೆ ಹೀಗೆ ಮೊದಲೇ ಬೇರೂರಿತ್ತು. ಕಟ್ಟೆಯ ಒಳಗಿನಿಂದ ಉತ್ತರ ಬಂದ ಕಥೆ ಮಾತ್ರ ಮಂತ್ರಾಲಯದ್ದು.

ಆ ಕಥೆ ಅಪ್ಪಣಾಚಾರ್ಯರದು. ಹೊಳೆಯಾಚೆಯ ಬಿಚ್ಚಾಲೆಯವರು, ರಾಯರಿಗೆ ಬಹಳ ಹತ್ತಿರದ ಶಿಷ್ಯರು. ಶ್ರಾವಣ ಬಹುಳ ಬಿದಿಗೆಯಂದು ಗುರುಗಳು ಬೃಂದಾವನ ಪ್ರವೇಶಿಸುವ ಹೊತ್ತಿಗೆ ಅವರು ಊರಲ್ಲಿರಲಿಲ್ಲ. ಸುದ್ದಿ ತಿಳಿದು, ತುಂಬಿ ಹರಿಯುವ ಹೊಳೆ ದಾಟಿ, ದಾರಿಯುದ್ದಕ್ಕೂ ಗುರುವನ್ನು ಸ್ತುತಿಸುತ್ತ ಓಡಿ ಬಂದರಂತೆ. ಬರುವಷ್ಟರಲ್ಲಿ ಕೊನೆಯ ಕಲ್ಲು ಕೂತಾಗಿತ್ತು. ಗಂಟಲು ಕಟ್ಟಿ ಕೊನೆಯ ಶ್ಲೋಕ ಅರ್ಧಕ್ಕೆ ನಿಂತಿತು. ಉಳಿದ ಏಳು ಅಕ್ಷರ ಬೃಂದಾವನದ ಒಳಗಿನಿಂದ ಕೇಳಿಸಿತು ಎನ್ನುತ್ತದೆ ಸಂಪ್ರದಾಯ. ಇಂದಿಗೂ ಮಠಗಳಲ್ಲಿ ನಿತ್ಯ ಪಠಿಸುವ ಸ್ತೋತ್ರ ಅದೇ. ಶಿಷ್ಯ ತೊಡಗಿದ ಮಾತನ್ನು ಗುರು ಮುಗಿಸಿಕೊಟ್ಟದ್ದು ಎಂಬ ನಂಬಿಕೆಯಿಂದಲೇ ಲಕ್ಷಾಂತರ ಜನ ಅದನ್ನು ಬಾಯಿಪಾಠ ಮಾಡಿದ್ದಾರೆ.

ಆ ಏಳು ಅಕ್ಷರ ಹೇಳುವುದೇನೆಂದು ನೋಡಬೇಕು. ‘ನಾನಿದ್ದೇನೆ, ಅಳಬೇಡ’ ಎಂಬ ಸಮಾಧಾನ ಅದರಲ್ಲಿಲ್ಲ. ಈ ಸ್ತುತಿಯ ಫಲಕ್ಕೆ ಹರಿಯ ರೂಪವಾದ ಹಯಗ್ರೀವನೇ ಸಾಕ್ಷಿ ಎಂಬುದು ಅದರ ತಾತ್ಪರ್ಯ. ಮಾಧ್ವ ಸಿದ್ಧಾಂತದ ತಿರುಳೇ ಇಲ್ಲಿದೆ ಎನ್ನಿಸುತ್ತದೆ ನನಗೆ. ಆ ಮತದಲ್ಲಿ ಗುರು ದೇವರಲ್ಲ, ಜೀವ ಎಂದೆಂದಿಗೂ ಜೀವನೇ. ಆದರೆ ಗುರುವಿನ ಅಂತರ್ಗತನಾಗಿ ವಾಯುದೇವನಾದ ಮುಖ್ಯಪ್ರಾಣ, ಮುಖ್ಯಪ್ರಾಣನ ಅಂತರ್ಗತನಾಗಿ ಹರಿ. ಭಕ್ತ ತನ್ನ ದುಃಖವನ್ನು ಗುರುವಿನ ಮುಂದಿಟ್ಟರೆ ಅದು ಒಳಗೊಳಗೇ ಸಾಗಿ ಹರಿಯನ್ನು ಮುಟ್ಟುತ್ತದೆ. ಅನುಗ್ರಹ ಇಳಿದು ಬರುವುದೂ ಅದೇ ದಾರಿಯಲ್ಲಿ. ಗುರುವಿನ ದೇಹ ಕಣ್ಣಿಗೆ ಕಾಣಬೇಕೆಂಬ ನಿಯಮ ಈ ವ್ಯವಸ್ಥೆಯಲ್ಲಿಲ್ಲ. ಸಿದ್ಧಾಂತ ಓದದ ಅಜ್ಜಿಯೂ ಬೃಂದಾವನದ ಮುಂದೆ ನಿಂತಾಗ ಇದನ್ನೇ ಬಾಳುತ್ತಿರುತ್ತಾಳೆ.

ಸಂಸ್ಕೃತದ ಸ್ತೋತ್ರವೊಂದರಿಂದಲೇ ಇಷ್ಟು ಜನ ಬರುತ್ತಿದ್ದರೆಂದು ನಾನು ನಂಬುವುದಿಲ್ಲ. ರಾಯರನ್ನು ಕನ್ನಡಕ್ಕೆ ಕರೆತಂದವರು 18ನೇ ಶತಮಾನದಲ್ಲಿ ರಾಯಚೂರು ಸೀಮೆಯಲ್ಲಿ ಬಾಳಿದ ಹರಿದಾಸರು. ಅವರಲ್ಲಿ ಮಾನ್ವಿಯ ಜಗನ್ನಾಥದಾಸರ ವೃತ್ತಾಂತ ಎಲ್ಲಕ್ಕಿಂತ ಅರ್ಥಪೂರ್ಣ. ದಾಸರಾಗುವ ಮೊದಲು ಅವರು ಶ್ರೀನಿವಾಸಾಚಾರ್ಯರು, ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಅಸಡ್ಡೆ. ಹಿರಿಯ ಹರಿದಾಸ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ಸುಳ್ಳು ಹೇಳಿದರು. ಆ ನೋವು ನಿಜವಾಗಿಯೇ ಬಂದು ಪ್ರಾಣಕ್ಕೆ ಕುತ್ತಾಯಿತು ಎನ್ನುತ್ತಾರೆ. ಮಂತ್ರಾಲಯಕ್ಕೆ ಹೋಗಿ ಸೇವೆಗೆ ನಿಂತರು. ರಾಯರು ಕನಸಿನಲ್ಲಿ ಬಂದರು, ಆದರೆ ರೋಗ ಕಳೆಯಲಿಲ್ಲ. ದಾಸರನ್ನೇ ಮೊರೆಹೋಗು ಎಂದು ಅಪ್ಪಣೆಯಾಯಿತು. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲೇ 40 ವರ್ಷ ಧಾರೆಯೆರೆದು ಅವರನ್ನು ಉಳಿಸಿದರೆಂಬುದು ಪರಂಪರೆಯ ಮಾತು. ಬೃಂದಾವನದ ಗುರು ಶಿಷ್ಯನನ್ನು ತನ್ನಲ್ಲೇ ಇಟ್ಟುಕೊಳ್ಳದೆ, ಅವನು ಹೀಗಳೆದವರ ಪಾದಕ್ಕೇ ಕಳಿಸಿದ ಈ ಪ್ರಸಂಗ ಓದಿದಾಗಲೆಲ್ಲ ಮನಸ್ಸು ಮಿಡಿಯುತ್ತದೆ. ಆ ಪಂಡಿತರೇ ಮುಂದೆ ಕನ್ನಡದ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ರಾಯರ ಮೇಲೆ ಅವರು ಕಟ್ಟಿದ ಹಾಡುಗಳು ಭಜನಾ ಮಂಡಳಿಗಳ ಬಾಯಲ್ಲಿ ಈಗಲೂ ಇವೆ.

ಸ್ತೋತ್ರ, ದಾಸರ ಹಾಡು ಬಿಟ್ಟರೆ ರಾಯರು ಜನರನ್ನು ತಲುಪಿದ ಮೂರನೆಯ ದಾರಿ ಮಣ್ಣಿನದು. ಮೂಲ ಬೃಂದಾವನದ ಮೃತ್ತಿಕೆಯನ್ನು ತಂದು, ಅದನ್ನು ಒಳಗಿಟ್ಟು ಬೇರೆ ಊರಲ್ಲಿ ಬೃಂದಾವನ ಕಟ್ಟುತ್ತಾರೆ. ಬಿಚ್ಚಾಲೆಯಲ್ಲಿ ಅಪ್ಪಣಾಚಾರ್ಯರು ಪ್ರತಿಷ್ಠಾಪಿಸಿದ ಏಕಶಿಲಾ ಬೃಂದಾವನವೇ ಇವುಗಳಲ್ಲಿ ಮೊದಲನೆಯದೆಂದು ಅಲ್ಲಿಯವರ ನಂಬಿಕೆ. ಕಾಶಿ, ರಾಮೇಶ್ವರಗಳನ್ನು ನಮ್ಮ ಬೀದಿಗೆ ತರಲಾಗದು. ರಾಯರು ಮಾತ್ರ ಹಿಡಿ ಮಣ್ಣಾಗಿ ಪೇಟೆ, ಬಡಾವಣೆ, ಹಳ್ಳಿಗಳಿಗೆ ಬಂದರು. ಮಂತ್ರಾಲಯಕ್ಕೆ ಹೋಗಲು ಅವರೇ ‘ಕರೆಸಿಕೊಳ್ಳಬೇಕು’ ಎನ್ನುವ ಜನ, ಗುರುವಾರ ಬಂದರೆ ಎರಡು ಬೀದಿ ನಡೆದು ಅವರನ್ನು ಕಂಡುಬರುತ್ತಾರೆ.

ಮತದ ಬೇಲಿ ಎಂದೋ ಸಡಿಲವಾಗಿದೆ. ಇಂದು ಮಠದ ಸಾಲಿನಲ್ಲಿ ನಿಂತವರನ್ನು ಯಾರೂ ಮಾಧ್ವರೇ ಎಂದು ಕೇಳುವುದಿಲ್ಲ. ಮಠದ ಇನಾಮಿನ ವಿಚಾರಣೆಗೆ ಬಂದ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋಗೆ ರಾಯರ ದರ್ಶನವಾಗಿ ಮಾತುಕತೆಯೂ ನಡೆಯಿತು, ಜೊತೆಗಿದ್ದವರಿಗೆ ಏನೂ ಕೇಳಿಸಲಿಲ್ಲ ಎಂಬ ಕಥೆಯನ್ನು ಭಕ್ತರು ಅಕ್ಕರೆಯಿಂದ ಹೇಳುತ್ತಾರೆ. 1966ರ ‘ಮಂತ್ರಾಲಯ ಮಹಾತ್ಮೆ’ ಚಿತ್ರದಲ್ಲಿ ರಾಜ್‌ಕುಮಾರ್ ರಾಯರ ಪಾತ್ರ ಧರಿಸಿದರು. ಮಠದ ಮೆಟ್ಟಿಲು ಹತ್ತದ ಎಷ್ಟೋ ಕನ್ನಡಿಗರಿಗೆ ರಾಯರ ಮೊದಲ ಮುಖ ಸಿಕ್ಕಿದ್ದು ಟೆಂಟಿನ ಆ ತೆರೆಯ ಮೇಲೆ.